ಅವ್ವನ ಸೀರೆ ಹುಡುಕಿಕೊಂಡು ಸಾಸವಡಕ್ಕೆ

ನವರಾತ್ರಿಗೆ ಮುಂಚೆ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು, ಹಳೆಯದನ್ನು ಹೊರಹಾಕುವುದು ನಮ್ಮ ಮನೆಯ ಪದ್ಧತಿ. ಅವ್ವ ತೀರಿಕೊಂಡ ಮೇಲಿನ ಮೊದಲ ನವರಾತ್ರಿ ಅದು. ನನಗೆ ಹದಿನಾಲ್ಕು ವರ್ಷ. ಅಕ್ಕ ಮದುವೆಯಾಗಿ ಧಾರವಾಡಕ್ಕೆ ಹೋಗಿದ್ದಳು. ಮನೆಯ ಯಜಮಾನಿಕೆ ನನ್ನ ಕೈಗೆ ಬಂದಿತ್ತು, ಜೊತೆಗೆ ಅದರ ಸೊಕ್ಕೂ ಬಂದಿತ್ತು. ಪುಣೆಯ ಸದಾಶಿವ ಪೇಠದ ನಮ್ಮ ವಾಡೆಯ ಬಾಗಿಲಿಗೆ ಹಳೆ ಬಟ್ಟೆ ಪಡೆದು ಪಾತ್ರೆ ಕೊಡುವ ಬೋಹಾರಿಣಿ ಬಂದಳು. ಅವಳೊಡನೆ ಅರ್ಧ ತಾಸು ಮರಾಠಿಯಲ್ಲಿ ಜಗಳವಾಡಿ, ಅಟ್ಟದ ಮೇಲಿದ್ದ ಗಂಟೊಂದನ್ನು ಕೊಟ್ಟು ಹಿತ್ತಾಳೆಯ ಬೋಗುಣಿ ಗಿಟ್ಟಿಸಿಕೊಂಡೆ. ಗಂಟಿನ ಮೇಲ್ಭಾಗದಲ್ಲಿ ಹರಕು ಚಾದರಗಳಿದ್ದವು. ತಳದವರೆಗೂ ನೋಡಿದವಳು ಅವಳು. ನನ್ನ ಕಣ್ಣು ಬೋಗುಣಿಯ ಮೇಲಿತ್ತು.

ಸಂಜೆ ಅಪ್ಪ ಕ್ಯಾಂಪಿನ ಕಚೇರಿಯಿಂದ ಬಂದು ಅಕ್ಕನ ಕಾಗದ ಓದಿದರು.

“ದಸರಾ ಮುಗಿಸಿ ಬಾಣಂತನಕ್ಕ ಬರ್ತಾಳಂತ. ಅಟ್ಟದ ಮ್ಯಾಲಿನ ಗಂಟು ಇಳಸವಾ. ತಳದಾಗ ನಿಮ್ಮವ್ವನ ಮೂರು ಸೀರಿ ಅದಾವ, ಕೌದಿ ಹೊಲಿಸೂಣು.”

ಮಗಳ ಚೊಚ್ಚಲ ಕೂಸು ಅಜ್ಜಿಯ ಸೀರೆಯ ಕೌದಿಯಲ್ಲೇ ಮಲಗಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಹಾಸಿಗೆ ಹಿಡಿದಾಗ ಅವ್ವ ತಾನೇ ಆ ಸೀರೆಗಳನ್ನು ಮಡಚಿ ತೆಗೆದಿರಿಸಿದ್ದಳಂತೆ. ಅಕ್ಕ ತವರಿನಿಂದ ಬೇರೇನನ್ನೂ ಕೇಳಿರಲಿಲ್ಲ. ಬೋಗುಣಿಯನ್ನು ತಂದು ಅಪ್ಪನ ಮುಂದಿಟ್ಟೆ. ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಎರಡು ದಿನ ತಿರುಗಿ ಅಪ್ಪ ಆ ಹೆಂಗಸನ್ನು ಪತ್ತೆ ಮಾಡಿದರು. ಸೀರೆಗಳೆಲ್ಲ ಸಾಸವಡದ ದಾರಿಯ ಕೌದಿ ಅಂಗಡಿಗಳಿಗೆ ಹೋದವು ಎಂದಳಂತೆ. ಬೆಳಗಾವಿ ಕಡೆಯ ಜವಳಿ ವ್ಯಾಪಾರಿಯೊಬ್ಬರು ಅಪ್ಪನಿಗೆ ಸ್ನೇಹಿತರು. ರವಿವಾರ ಅವರು ತಮ್ಮ ಮೋಟಾರನ್ನೂ ಡ್ರೈವರನನ್ನೂ ಕಳಿಸಿಕೊಟ್ಟರು. ನಾನು ಮೋಟಾರು ಹತ್ತಿದ್ದು ಅದೇ ಮೊದಲು, ಅತ್ತುಕೊಂಡು ಹತ್ತಿದೆ.

ಮಳೆ ಹಿಂದೆಗೆದು ಎಂಟು ದಿನವಾಗಿತ್ತು. ಆಕಾಶ ತೊಳೆದಿಟ್ಟಂತಿತ್ತು. ಹಡಪಸರದಾಚೆ ರಸ್ತೆಯ ಎರಡೂ ಬದಿಗೆ ದಸರೆಯ ಚೆಂಡು ಹೂ ಅರಳಿ ನಿಂತಿದ್ದವು. ದಿವೆ ಘಾಟಿನಲ್ಲಿ ಎಂಜಿನ್ ಕುದಿಯತೊಡಗಿ, ಡ್ರೈವರ್ ಗಾಡಿ ನಿಲ್ಲಿಸಿ ನೀರು ತರಲು ಇಳಿದ. ಗುಡ್ಡದ ತುಂಬ ಹಳದಿ ಸೋನಕಿ ಹೂ, ಕೆಳಗೆ ಕೆರೆ, ಅದರಾಚೆ ಬಿಸಿಲಿನಲ್ಲಿ ಮಸುಕಾದ ಪುಣೆ.

“ನೋಡವಾ, ಎಷ್ಟ್ ಛಂದ ಅದ,” ಎಂದರು ಅಪ್ಪ.

ನಾನು ಬೇಕೆಂದೇ ಬಂಡೆಯ ಕಡೆ ಮುಖ ತಿರುಗಿಸಿ ಕುಳಿತೆ. ಅವ್ವ ಇಲ್ಲದ ವರ್ಷವೂ ಗುಡ್ಡ ಹೀಗೆ ನಾಚಿಕೆಯಿಲ್ಲದೆ ಹೂ ಬಿಟ್ಟಿದೆಯಲ್ಲ ಎಂದು ಸಿಟ್ಟು ಬಂದಿತ್ತು.

ನಮ್ಮ ಕೌದಿಗೆ ಅಲ್ಲಿ ಗೋಧಡಿ ಎನ್ನುತ್ತಾರೆ. ಮೊದಲ ಅಂಗಡಿಯಲ್ಲಿ ಹೊಲಿಯದ ಬಟ್ಟೆಯ ರಾಶಿಯನ್ನೆಲ್ಲ ಕೆದರಿದೆವು. ಎರಡನೆಯದರಲ್ಲಿ ಹೊಲಿದು ಗಳದ ಮೇಲೆ ಹಾಕಿದ್ದ ಕೌದಿಗಳನ್ನು ಒಂದೊಂದಾಗಿ ಇಳಿಸಿ ನೋಡಿದೆವು. ಅವ್ವನವು ನೀಲಿ ಇಳಕಲ್ ಸೀರೆಗಳು. ಆ ಸೀಮೆಯ ಮರಾಠಿ ಹೆಂಗಸರೂ ಇಳಕಲ್ ಸೀರೆಯನ್ನೇ ಉಡುತ್ತಾರೆ, ಹೀಗಾಗಿ ಎಲ್ಲಿ ಕೈ ಹಾಕಿದರೂ ನೀಲಿಯೇ. ಆದರೆ ಅವ್ವ ಗೋಮಿ ದಡಿ ಬಿಟ್ಟು ಬೇರೆ ಅಂಚಿನ ಸೀರೆ ಉಟ್ಟವಳಲ್ಲ. ನಾನು ನೀಲಿಯನ್ನು ಬಿಟ್ಟು ಅಂಚನ್ನಷ್ಟೇ ಹುಡುಕುತ್ತಿದ್ದೆ. ಪ್ರತಿ ಅಂಗಡಿಯಲ್ಲೂ ಸಿಗದೆ ಹೊರಬರುವಾಗ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಸಾಸವಡದ ಅಂಗಡಿಯೇ ಕೊನೆಯದು. ಅಂಗಡಿಯ ಮುದುಕಿ ಚಾಪೆಯ ಮೇಲೆ ನಾಲ್ಕು ಕೌದಿ ಹರವಿದಳು. ಅಪ್ಪ ಬಗ್ಗಿ ಒಂದರ ಮೇಲೆ ಅಂಗೈ ಇಟ್ಟರು. “ಇದಽ,” ಎಂದರು. “ನಿಮ್ಮವ್ವಂದು.” ಅವ್ವನ ಮಣ್ಣಿನ ದಿನವೂ ಒದ್ದೆಯಾಗದ ಕಣ್ಣುಗಳನ್ನು ಶಲ್ಯದ ತುದಿಯಿಂದ ಒರೆಸಿಕೊಂಡರು.

ಅದರ ಅಂಚು ಗೋಮಿ ಆಗಿರಲಿಲ್ಲ. ನೀಲಿಯೊಂದು ಬಿಟ್ಟರೆ ಅದರಲ್ಲಿ ಅವ್ವನ ಗುರುತು ಏನೂ ಇರಲಿಲ್ಲ. ಆದರೆ ಅಪ್ಪನ ಮುಖ ನೋಡಿ ಹೇಳಲಾಗಲಿಲ್ಲ. “ಹೌದಪ್ಪಾ,” ಎಂದೆ. ನನ್ನ ಅಳು ಅಲ್ಲಿಗೇ ನಿಂತಿತು. ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಘಾಟು ಇಳಿಯುವಾಗ ನನ್ನೊಳಗೆ ಹುಟ್ಟಿದ್ದು ಕನಿಕರವಲ್ಲ, ತಿರಸ್ಕಾರ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಹೆಂಡತಿ ಉಟ್ಟ ಸೀರೆಯ ಗುರುತಿಲ್ಲವೇ?

ಬಾಣಂತನಕ್ಕೆ ಬಂದ ಅಕ್ಕ ಕೌದಿಯನ್ನು ಬಿಚ್ಚಿ, ಅಂಚಿನ ಮೇಲೆ ಬೆರಳಾಡಿಸಿ, ನನ್ನತ್ತ ನೋಡಿದಳು. ಅಪ್ಪ ಎದುರಿಗೇ ಕುಳಿತಿದ್ದರು. “ಅವ್ವಂದಽ,” ಎಂದಳು ಅಕ್ಕ. ಕೂಸು ಅದರಲ್ಲೇ ಮಲಗಿತು, ಅದರಲ್ಲೇ ಬೆಳೆಯಿತು. ನಾನು ಮಾತ್ರ ಅಪ್ಪನ ಊಟ ತಿಂಡಿಗೆ ಕೊರತೆ ಮಾಡದಿದ್ದರೂ ಮನಸ್ಸಿನಲ್ಲಿ ಅವರನ್ನು ದೂರವೇ ಇಟ್ಟೆ.

ನಾಲ್ಕು ವರ್ಷದ ಮೇಲೆ ಅಕ್ಕ ಮಗುವಿನೊಂದಿಗೆ ಬಂದಾಗ ಕೌದಿ ನಡುವೆ ಹರಿದಿತ್ತು. “ಹೊರಗ ಒಗದು ಬಿಡಽ, ಅವ್ವಂದೇನ್ ಅಲ್ಲ ಅದು,” ಎಂದೆ. ಪಡಸಾಲೆಯಲ್ಲಿದ್ದ ಅಪ್ಪನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಅಂದೆ.

“ಅಲ್ಲ ಅಂತ ನನಗೂ ಗೊತ್ತದ,” ಎಂದರು ಅಪ್ಪ. “ಅಕಿ ಮೂರೂ ಸೀರಿಗೆ ಗೋಮಿ ದಡಿ. ಮೂರೂ ನಾನಽ ತಂದದ್ದು. ಒಂದಕ್ಕ ಸುಟ್ಟ ತೂತು ಬಿದ್ದಿತ್ತು, ನನಗ ಕಾಣಬಾರ್ದಂತ ನಿರಿಗ್ಯಾಗ ಮುಚ್ಚಿ ಉಡತಿದ್ಲು.”

“ಮತ್ತ ಇದನ್ನ ಯಾಕ ತಂದ್ರಿ?” ಕೇಳಬೇಕಾದವಳು ನಾನು, ಕೇಳಿದವಳು ಅಕ್ಕ.

“ಇಕಿ ಅಳೂದು ನಿಲ್ಲಸವಲ್ಲಳು. ಸೀರಿ ಅಂತೂ ಸಿಗೂಹಂಗ ಇದ್ದಿಲ್ಲ. ನನಗ ಮಗಳಾದ್ರೂ ಉಳೀಬೇಕಿತ್ತು.”

ನಾನು ಒಳಗೆ ಹೋಗಿ ಅಪ್ಪನ ಹಳೆ ಧೋತರವೊಂದನ್ನು ಹರಿದು ತಂದು, ಆ ಕೌದಿಗೆ ತೇಪೆ ಹಾಕುತ್ತ ಅವರ ಪಕ್ಕದಲ್ಲೇ ಕುಳಿತೆ.