ಬ್ಯಾಂಡೇಜು ಬದಿಗಿಟ್ಟ ಪುಟ್ಟಸಿದ್ದಮ್ಮ

ಬಿಸಿಲು ಏರತೊಡಗಿದೆ. ಚಾಮರಾಜನಗರದ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಆಯಾ ಪುಟ್ಟಸಿದ್ದಮ್ಮ ಒಂದು ಕೈಯಲ್ಲಿ ರೋಗಿಯ ಮುಖ ಒರೆಸುತ್ತಿದ್ದಾರೆ, ಇನ್ನೊಂದು ಕೈಯಲ್ಲಿ ಅವರ ಬಲಗೈ ಹಿಡಿದಿದ್ದಾರೆ. ಕುದೇರಿನ ಮರಿಯಪ್ಪ, ಅರಿಸಿನದ ಹೊಲದಲ್ಲಿ ನಾಗರಹಾವು ಕಚ್ಚಿ ಬಂದವರು. ಬಾಯೊಳಗೆ ಉಸಿರಿನ ಕೊಳವೆ. ಎಚ್ಚರವಾದಾಗಲೆಲ್ಲ ಕೈ ಅದರತ್ತಲೇ ಹೋಗುತ್ತದೆ.

ಸಿಸ್ಟರ್ ಪವಿತ್ರ ಬ್ಯಾಂಡೇಜಿನ ಸುರುಳಿ ತಂದಿಡುತ್ತಾರೆ. "ಕೈ ಕಟ್ಬಿಡಿ ಸಿದ್ದಮ್ಮ. ಟ್ಯೂಬ್ ಕಿತ್ಕೊಂಡ್ರೆ ಜೀವಕ್ಕೇ ಅಪಾಯ. ನಾನೊಬ್ಳೇ ಎಷ್ಟು ಬೆಡ್ ನೋಡ್ಲಿ?"

"ಕಟ್ಟಕಿಲ್ಲ ಕಣವ್ವ." ಪುಟ್ಟಸಿದ್ದಮ್ಮ ಸುರುಳಿಯನ್ನು ಆಚೆ ತಳ್ಳುತ್ತಾರೆ. "ಕೈಕಾಲು ಕಟ್ಟದು ಎಣಕ್ಕ. ಉಸ್ರಾಡೋ ಮನ್ಸುಂಗ ಯಾಕ?"

ಪವಿತ್ರ ಹೇಳುವುದು ಸುಳ್ಳಲ್ಲ, ಆಳು ಕಡಿಮೆ. ಆದರೆ ಈ ಹಟ ಸುಮ್ಮನೆ ಬಂದದ್ದಲ್ಲ. ಗುಂಡ್ಲುಪೇಟೆ ಕಡೆಯ ಮದ್ದೂರಿನ ಮಾದಣ್ಣ ಹೋದ ತಿಂಗಳು ಇದೇ ಮಂಚದಲ್ಲಿದ್ದರು. ಅವರ ಕೈಗಳನ್ನು ಮಂಚದ ಕಂಬಿಗೆ ಕಟ್ಟಲಾಗಿತ್ತು. ಗಾಜಿನಾಚೆಯಿಂದ ಆ ಬಿಳಿ ಕಟ್ಟು ಕಂಡ ಹೆಂಡತಿ ಮಲ್ಲಾಜಮ್ಮ ಗಂಡ ತೀರಿಹೋದನೆಂದೇ ಎದೆ ಬಡಿದುಕೊಂಡರು. ಕಾಯಿನ್ ಬೂತಿನಿಂದ ಊರಿಗೆ ಫೋನು ಹೋಯಿತು, ಊರಿನವರು ಗುಂಡಿಯನ್ನೂ ತೋಡಿಸಿದರು. ಒಳಗೆ ಮಾದಣ್ಣನೂ ತಮ್ಮನ್ನು ಹೆಣವೆಂದು ಕಟ್ಟಿದ್ದಾರೆಂದೇ ಬೆದರಿಬಿಟ್ಟಿದ್ದರು! ಜಗ್ಗಿ ಜಗ್ಗಿ ಮಣಿಕಟ್ಟಿನ ಚರ್ಮ ಸುಲಿಯಿತು, ಬೆರಳು ಊದಿ ನೀಲಿಯಾದವು. ಕೊನೆಗೆ ಮೈ ಜಾರಿಸಿ, ಕಟ್ಟಿದ ಕೈಯ ಬಳಿಗೇ ತಲೆ ತಂದು ಕೊಳವೆ ಕಿತ್ತರು. ಡಾಕ್ಟರು ಓಡಿಬಂದದ್ದರಿಂದ ಉಳಿದರು. ಎಡಗೈ ಬೆರಳುಗಳು ಮಾತ್ರ ಇನ್ನೂ ಜೋಮು, ಹಾಲು ಕರೆಯಲಾಗುತ್ತಿಲ್ಲ.

ಅಂದಿನಿಂದ ಪುಟ್ಟಸಿದ್ದಮ್ಮ ಯಾರ ಕೈಯನ್ನೂ ಕಟ್ಟಿಲ್ಲ. ಯಾರಾದರೂ ಕೊಳವೆ ಕಿತ್ತರೆ ಕೆಲಸ ಬಿಟ್ಟು ಹೋಗಬೇಕು ಎಂದು ಆಡಳಿತದವರು ಗದರಿಸಿದ್ದಾರೆ. ಗಂಡನಿಲ್ಲದ ಮನೆ, ಒಲೆ ಉರಿಯುವುದು ಇದೇ ಕೆಲಸದಿಂದ. ಆದರೂ ಪುಣಜನೂರಿನಿಂದ ಮೊದಲ ಬಸ್ಸು ಹಿಡಿದು ಬರುವ ಪುಟ್ಟಸಿದ್ದಮ್ಮ ಜಗ್ಗುವವರಲ್ಲ. "ಕೆಲ್ಸದಿಂದ ತಗದ್ರ ತಗೀಲಿ ಬುಡಿ. ಕಟ್ಟಾಕಿ ಉಣ್ಣೋ ಅನ್ನ ನಂಗ ಬ್ಯಾಡ."

ಮರಿಯಪ್ಪನ ಕೈ ಮತ್ತೆ ಮೇಲೇಳುತ್ತದೆ. ಆಕೆ ಅದನ್ನು ಮೆಲ್ಲಗೆ ಇಳಿಸಿ ಕಿವಿಯ ಹತ್ತಿರ ಬಾಗುತ್ತಾರೆ. "ಅಣ್ಣೋ, ಬದ್ಕಿದ್ದೀಯ ಕಣ. ಆವು ಕಚ್ಚಿತ್ತು, ಆಸ್ಪತ್ರಗ ಬಂದಿದ್ದೀಯ. ಉಸ್ರಿನ ಪೈಪು ಅದು. ನೋಯ್ತದಾ? ನೋಯ್ತಿದ್ರ ನನ್ ಕೈ ಇಸುಕು."

ಮರಿಯಪ್ಪ ಹಿಸುಕುತ್ತಾರೆ, ಗಟ್ಟಿಯಾಗಿ. ಪವಿತ್ರ ಡಾಕ್ಟರ್ ರಘುನಾಥ ಅವರನ್ನು ಕರೆತರುತ್ತಾರೆ. ನೋವಿಗೆ ಔಷಧಿ ಬೀಳುತ್ತದೆ. ಉಸಿರಾಟ ಪರೀಕ್ಷಿಸಿದ ಡಾಕ್ಟರು, "ಮಧ್ಯಾಹ್ನ ಟ್ಯೂಬ್ ತೆಗೀಬಹುದು. ಅಲ್ಲೀವರೆಗೂ ಆ ಕೈ ಬಿಡಬೇಡಿ," ಎನ್ನುತ್ತಾರೆ. ಪವಿತ್ರ ಆಕೆಗೆ ಕೂರಲು ಒಂದು ಸ್ಟೂಲು ತಂದಿಡುತ್ತಾರೆ.

ಮಧ್ಯಾಹ್ನ ಕೊಳವೆ ಹೊರಬಂದಿದೆ. ಮರಿಯಪ್ಪ ಮಾತ್ರ ಹಿಡಿದ ಕೈ ಬಿಡುತ್ತಿಲ್ಲ. ಅಷ್ಟರಲ್ಲಿ ಆಚೆ ಮಂಚದಲ್ಲಿ ಇನ್ನೊಂದು ಕೈ ಮೇಲೇಳುತ್ತದೆ.

"ಬುಡಣ್ಣ, ಅಲ್ಲೊಬ್ರು ಕರೀತಾವ್ರ," ಎಂದು ಪುಟ್ಟಸಿದ್ದಮ್ಮ ಬೆರಳು ಬಿಡಿಸಿಕೊಳ್ಳುತ್ತಾರೆ. ಆಸ್ಪತ್ರೆಯವರಿಂದ ಏನು ಬೇಕೆಂದು ಕೇಳಿದರೆ ನಡೆಯುತ್ತಲೇ ಹೇಳುತ್ತಾರೆ: "ಇನ್ನೊಬ್ಳು ಆಯಾನ ಕೊಡ್ಲಿ. ನಂಗಿರದು ಎರಡೇ ಕೈ."