ದೊಡ್ಡಪ್ಪನ ನೋಡುಕೊಳ

ನಮ್ಮ ದೊಡ್ಡಮ್ಮ ಕೆಲಸಕ್ಕಿದ್ದ ಹೋಟೆಲಿನ ಬಾಗಿಲಲ್ಲಿ ‘ಜಗತ್ತಿನ ಅತಿ ದೊಡ್ಡ ಈಜುಕೊಳಗಳಲ್ಲಿ ಒಂದು’ ಎಂಬ ಬೋರ್ಡಿತ್ತು. ‘ಗಳಲ್ಲಿ ಒಂದು’ ಎನ್ನುವುದನ್ನು ಮಾತ್ರ ಇರುವೆ ಗಾತ್ರದಲ್ಲಿ ಬರೆಸಿದ್ದರು. ದೊಡ್ಡಮ್ಮ ಅಲ್ಲಿಯ ಕಾವಲಿನವಳು. ಎತ್ತರದ ಕುರ್ಚಿ, ಮೇಲೊಂದು ಕೊಡೆ, ಕೊರಳಲ್ಲಿ ಸೀಟಿ. ಯಾರಾದರೂ ಮುಳುಗಿದರೆ ಹಾರಿ ಎತ್ತಿ ತರಬೇಕು. ಮುಳುಗುವವರೇ ಇರಲಿಲ್ಲ, ಯಾಕೆಂದರೆ ಈಜುವವರೇ ಇರಲಿಲ್ಲ. ಸಮುದ್ರದ ನೀರೆಳೆದು ತುಂಬಿಸಿದ ಆ ಕೊಳದ ಒಂದು ಮೂಲೆಗೆ ಹಗ್ಗ ಕಟ್ಟಿ, ಅಷ್ಟನ್ನು ಮಾತ್ರ ಈಜುವವರಿಗೆ ಬಿಟ್ಟಿದ್ದರು. ಉಳಿದದ್ದೆಲ್ಲ ಪೆಡಲ್ ದೋಣಿಗಳ ಪಾಲು.

ದೊಡ್ಡಪ್ಪ ದರ್ಜಿ. ಅವನಿಗೆ ಈಜು ಬಾರದು, ಮಾತು ಧಾರಾಳವಾಗಿ ಬರುತ್ತದೆ. ಅವನು ಆ ಕೊಳಕ್ಕಿಟ್ಟ ಹೆಸರು ‘ನೋಡುಕೊಳ’. ದೊಡ್ಡಮ್ಮ ಬೆಳಿಗ್ಗೆ ಚಪ್ಪಲಿ ಮೆಟ್ಟಿದರೆ ಸಾಕು, ನೋಡುಕೊಳಕ್ಕೆ ಹೊತ್ತಾಯ್ತಾ ಎಂದು ಹೊಲಿಗೆ ಯಂತ್ರದ ಹಿಂದಿನಿಂದ ಕೆಣಕುತ್ತಿದ್ದ. ಬೇರೆ ದೇಶಗಳ ದೊಡ್ಡ ಕೊಳಗಳಲ್ಲೂ ದೋಣಿ ಬಿಡುತ್ತಾರಂತೆ, ಅವನ್ನೂ ಈಜುಕೊಳವೆಂದೇ ಲೆಕ್ಕಕ್ಕೆ ಹಿಡಿಯುತ್ತಾರಂತೆ ಎಂದು ಅವಳು ವಾದಿಸುವಳು. ಬಟ್ಟೆಯ ಸುರುಳಿ ಎಷ್ಟೇ ದೊಡ್ಡದಿರಲಿ, ತೊಡಲು ಬಾರದಿದ್ದರೆ ಅದನ್ನು ಅಂಗಿ ಎನ್ನುತ್ತಾರೆಯೇ ಎಂದು ಅವನು ಕೇಳುವನು. ಸಾಲದ್ದಕ್ಕೆ ಆಚೆ ತುದಿಯಲ್ಲಿ ನೀರು ಸೊಂಟಕ್ಕೆ ಬಂದರೆ ಹೆಚ್ಚು. ಮುಳುಗುವುದಕ್ಕೂ ಲಾಯಕ್ಕಿಲ್ಲ ಎಂದು ನಗುವನು. ಊಟದ ತಟ್ಟೆ ಒಣಗಿದರೂ ಇವರ ಜಗಳ ಮುಗಿಯುತ್ತಿರಲಿಲ್ಲ.

ದೊಡ್ಡಮ್ಮನಿಗೆ ಆ ಮಾತು ಚುಚ್ಚುತ್ತಿದ್ದುದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ದಿನವೇ ಆ ನೀಲಿ ನೀರನ್ನು ನೋಡಿ, ಈ ತುದಿಯಿಂದ ಆ ತುದಿಗೆ ಒಮ್ಮೆ ಈಜಲೇಬೇಕೆಂದು ಆಸೆಪಟ್ಟಿದ್ದಳು. ಸಿಬ್ಬಂದಿ ನೀರಿಗಿಳಿಯಬಾರದು ಎಂಬ ನಿಯಮ ಅಡ್ಡ ನಿಂತಿತು. ಆಸೆ ಮಾತ್ರ ಬಿಡಲಿಲ್ಲ. ನಿವೃತ್ತಿ ಹತ್ತಿರ ಬಂದಾಗ ಮ್ಯಾನೇಜರನ್ನು ಕೊನೆಯ ಬಾರಿ ಕೇಳಿದಳು. “ಯಾರಾದ್ರೂ ಮುಳುಗಿದ್ರೆ ಇಳೀರಿ, ಯಾರು ಬೇಡ ಅಂತಾರೆ?” ಎಂದು ಅವರು ನಕ್ಕು ಕಳಿಸಿದರಂತೆ. ಅದನ್ನು ಹೇಳುತ್ತಾ ಅಡುಗೆಮನೆಯಲ್ಲಿ ದೊಡ್ಡಮ್ಮ ಅತ್ತುಬಿಟ್ಟಳು. ದೊಡ್ಡಪ್ಪ ಮಾತ್ರ ತನ್ನ ಪಾಡಿಗೆ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದ. ನನಗೆ ಅವನ ಮೇಲೆ ಸಿಟ್ಟೇ ಬಂತು.

ಕೊನೆಯ ದಿನ ಬೀಳ್ಕೊಡುಗೆಗೆಂದು ಮನೆಯವರನ್ನೂ ಕರೆದಿದ್ದರು. ಮ್ಯಾನೇಜರ್ ಭಾಷಣ ಶುರು ಮಾಡುವ ಮುಂಚೆಯೇ ದೊಡ್ಡಪ್ಪ ಎದ್ದು, ಒಂದು ಸುತ್ತು ಹಾಕಿ ಬರುತ್ತೇನೆಂದು ಪೆಡಲ್ ದೋಣಿ ಹತ್ತಿದ. ಯಂತ್ರ ತುಳಿದು ಪಳಗಿದ ಕಾಲು, ನೋಡನೋಡುತ್ತಲೇ ಆಚೆ ತುದಿ ಮುಟ್ಟಿತು. ಅಲ್ಲಿ ಧೊಪ್ಪೆಂದು ಸದ್ದಾಯಿತು. ಆಮೇಲೆ ಕಾಪಾಡಿ ಎಂಬ ಕೂಗು. ಗಾಬರಿಯಲ್ಲಿ ಆಳ ಯಾರಿಗೆ ನೆನಪಿರುತ್ತದೆ? ಮ್ಯಾನೇಜರ್ ಹಾರಮ್ಮ, ಹಾರು ಎಂದು ಅರಚಿದರು. ದೊಡ್ಡಮ್ಮ ಸೀಟಿ ಕಳಚಿ ನನ್ನ ಕೈಗಿಟ್ಟು ಹಾರಿದಳು.

ಮ್ಯಾನೇಜರೂ ನಾನೂ ಇನ್ನೊಂದು ದೋಣಿ ಹತ್ತಿ ಹಿಂದೆಯೇ ಹೋದೆವು. ಮೊದಲು ಅವಳು ಜೀವ ಕೈಲಿ ಹಿಡಿದುಕೊಂಡವಳಂತೆ ಕೈ ಬೀಸುತ್ತಿದ್ದಳು. ಸ್ವಲ್ಪ ದೂರ ಹೋಗಿ ತಲೆಯೆತ್ತಿ ದೊಡ್ಡಪ್ಪನನ್ನು ದಿಟ್ಟಿಸಿದಳು. ಅಷ್ಟೇ, ಬೀಸು ನಿಧಾನವಾಯಿತು. ನಟ್ಟ ನಡುವೆ ಅಂಗಾತ ಹೊರಳಿ, ಆಕಾಶ ನೋಡುತ್ತಾ ಹಾಯಾಗಿ ತೇಲಿದಳು. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಎಂದೂ ಕಂಡಿರಲಿಲ್ಲ. ಇಷ್ಟು ನಿಧಾನಕ್ಕೆ ಯಾರನ್ನು ಕಾಪಾಡುತ್ತಾರೆ ಎಂದು ಮ್ಯಾನೇಜರ್ ಏದುಸಿರಿನಲ್ಲೇ ಗೊಣಗಿದರು.

ಕೊನೆಯವರೆಗೂ ಈಜಿಯೇ ಹೋಗಿ ದಡದ ಕಲ್ಲು ಮುಟ್ಟಿದಳು. ಆಮೇಲೆ ಎದ್ದು ನಿಂತಳು. ನೀರು ಸೊಂಟದವರೆಗಿತ್ತು. ಪಕ್ಕದಲ್ಲೇ ದೊಡ್ಡಪ್ಪ ಮಂಡಿಯೂರಿ, ಗಲ್ಲದವರೆಗೆ ನೀರಿನಲ್ಲಿ ಕೂತು ಗಡಗಡ ನಡುಗುತ್ತಿದ್ದ.

“ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತೇನ್ರೀ?” ಎಂದಳು. ಕಣ್ಣು ತುಂಬಿತ್ತು.

“ಪೂರ್ತಿ ಈಜಿದ್ಯಾ?”

“ಈಜಿದೆ ರೀ.”

“ಹಾಗಾದ್ರೆ ಈಜುಕೊಳಾನೇ ಬಿಡು,” ಎಂದ ದೊಡ್ಡಪ್ಪ. “ಈಗ ಎಬ್ಬಿಸು, ಮಂಡಿ ಹಿಡ್ಕೊಂಡಿದೆ.”