ಮಾದಮ್ಮನ ಫೋನು, ಕೇರಿಯ ಸರದಿ

ಹಿರೀಸಾವೆಯಿಂದ ಎರಡು ಮೈಲಿ ಒಳಗಿರುವ ನಮ್ಮೂರಿಗೆ ನೀರು ಬಿಡುವವಳು ಮಾದಮ್ಮ. ಗಂಡ ತೀರಿಕೊಂಡ ಮೇಲೆ ಪಂಚಾಯ್ತಿಯ ನೀರುಗಂಟಿ ಕೆಲಸ ಅವಳ ಕೈಗೆ ಬಂತು. ಜೊತೆಗೆ ಒಂದು ಹಾಳು ಪದ್ಧತಿಯೂ ಬಂತು: ಕರೆಂಟು ಬಂದೊಡನೆ ಮೇಲ್ಬೀದಿಯ ನಂಜಪ್ಪಗೌಡರ ಬಾಗಿಲಲ್ಲಿ ನಿಂತು ಕೇಳಿ, ಅವರ ಬೀದಿಗೆ ಮೊದಲು ಬಿಟ್ಟು, ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು ತನ್ನ ಕೇರಿಗೆ ಬಿಡುವುದು. ಹನ್ನೊಂದು ವರ್ಷ ಹಾಗೇ ನಡೆಯಿತು. ನಾನೂ ಮೇಲ್ಬೀದಿಯವನೇ. ತೊಟ್ಟಿ ತುಂಬಿಸಿಕೊಂಡು ಸುಮ್ಮನಿದ್ದೆ, ನಾಚಿಕೆಗೇಡು.

ಹೋದ ವರ್ಷ ಅವಳ ಮಗಳು ರಂಜಿನಿ ಅಮ್ಮನ ಹಳೆಯ ಆಂಡ್ರಾಯ್ಡ್ ಫೋನಿಗೆ ಒಂದು ಆ್ಯಪ್ ಹಾಕಿದಳು. ಕರೆಂಟು ಬಂದು ಪಂಪ್‌ಹೌಸಿನ ಸಿಮ್ ಹಾಕಿದ ಸ್ಟಾರ್ಟರ್‌ನಿಂದ ಮಿಸ್ಡ್ ಕಾಲ್ ಬಂದರೆ ಸಾಕು, ಅವತ್ತು ಯಾವ ಬೀದಿಯ ಸರದಿಯೋ ಆ ಮನೆಗಳಿಗೆ ಫೋನೇ ಮೆಸೇಜು ಕಳಿಸುತ್ತಿತ್ತು. ಸೋಮವಾರ, ಗುರುವಾರ ಕೇರಿ ಮೊದಲು. ಸರದಿ ಗೊತ್ತುಮಾಡಿದವಳು ಮಾದಮ್ಮ. ಗೌಡರ ಬಾಗಿಲಿಗೆ ಹೋಗುವುದು ನಿಂತಿತು.

ಗೌಡರಿಗೆ ಮೈ ಉರಿಯಿತು. ಬೈಯಲಿಲ್ಲ, ಜಾಣರು. ಮಗ ರವೀಂದ್ರ ಬಳಸಿ ಬಿಟ್ಟ ಐಫೋನ್ ತಂದು, ಇದರ ಮುಂದೆ ನಿನ್ನದು ಡಬ್ಬಾ, ಇನ್ನು ಇದನ್ನೇ ಇಟ್ಟುಕೋ ಅಂದರು. ಮಾದಮ್ಮ ಬೇಡವೆನ್ನಲಿಲ್ಲ. ಮಗಳನ್ನು ಕೂರಿಸಿಕೊಂಡು ಎರಡನ್ನೂ ಪಂಚಾಯ್ತಿ ಜಗಲಿಯ ಮೇಲಿಟ್ಟು ನೋಡಿದಳು. ಐಫೋನಿನ ಫೋಟೊ ಚೆನ್ನ. ಹೇಳಿದ ಹೊತ್ತಿಗೆ ಸರಿಯಾಗಿ ಮೆಸೇಜು ಕಳಿಸುವುದೂ ಅದಕ್ಕೆ ಬರುತ್ತಿತ್ತು. ಆದರೆ ನಮ್ಮೂರ ಕರೆಂಟಿಗೆ ಹೊತ್ತೆಲ್ಲಿದೆ? ಮಿಸ್ಡ್ ಕಾಲ್ ಬಂದ ಕೂಡಲೇ ತಾನಾಗಿ ಕೆಲಸ ಶುರು ಮಾಡುವುದು ಅದರಿಂದ ಆಗಲಿಲ್ಲ. ಸಂಜೆಯೇ ಗೌಡರಿಗೆ ಹಿಂದಿರುಗಿಸಿದಳು.

ಮುಂದಿನ ಸೋಮವಾರ ಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಟ್ಯಾಂಕಿನ ಬಳಿಗೇ ಬಂದರು. ಊರಿನ ನೀರು ಫೋನಿನ ಮಾತು ಕೇಳಬಾರದು, ಆ್ಯಪ್ ತೆಗೆದುಹಾಕು, ಹಿಂದಿನಂತೆಯೇ ನಡೆಯಲಿ ಎಂದರು. ಆ ನಾಲ್ವರಲ್ಲಿ ನಾನೂ ಒಬ್ಬ. ಮಾದಮ್ಮ ಎಲ್ಲರಿಗೂ ಕಾಣುವಂತೆ ಫೋನ್ ಹಿಡಿದು ಆ್ಯಪ್ ತೆಗೆದಳು. ಗೌಡರ ಮುಖ ಅರಳಿತು.

ಅವಳು ಕಬ್ಬಿಣದ ಕೀಲಿ ಎತ್ತಿಕೊಂಡು ಕೇರಿಯ ವಾಲ್ವಿನ ಕಡೆ ನಡೆದಳು.

“ಎಲ್ಲಿಗಮ್ಮಿ ಓಯ್ತಿದ್ದೀಯ?” ಗೌಡರು ಅಡ್ಡ ನಿಂತರು, ಅವರ ಹಿಂದೆ ನಾವು ನಾಲ್ವರು.

“ಇವತ್ತು ಸ್ವಾಮಾರ ಗೌಡ್ರೆ, ಕೇರಿ ಸರದಿ. ಫೋನಿಗೆ ಯೋಳ್ಕೊಟ್ಟೋಳು ನಾನೇ ಕಣ. ಅದು ಮರ್ತ್ರೆ ನಾನೂ ಮರ್ತ್‌ಬುಡ್ತೀನಾ? ಪಕ್ಕಕ್ಕೆ ಸರೀರಿ.”

ಗೌಡರಿಗೆ ಹಾಗೆ ಹೇಳಿದವರನ್ನು ನಾನು ಕಂಡಿರಲಿಲ್ಲ. ಅವರು ತಿರುಗಿ ನಮ್ಮ ಮುಖ ನೋಡಿದರು. ಮೊದಲು ಸರಿದವನು ನಾನು. ಆಮೇಲೆ ಉಳಿದ ಮೂವರು. ಕೊನೆಗೆ ಗೌಡರೂ ಸರಿಯಬೇಕಾಯಿತು, ಮಾದಮ್ಮ ಕೀಲಿ ತಿರುಗಿಸಿದಳು.